ಕೊರೊನಾ ಕಾಲದ ಸಾಮಾನು ಚೀಟಿ: ಅಂಗಡಿ ಖಾಲಿಯಾದದ್ದು ಯಾಕೆ, ಕಪಾಟು ತುಂಬಿದ್ದು ಯಾಕೆ

2020ರ ಮಾರ್ಚ್ 31ರ ಬೆಳಿಗ್ಗೆ ಆರು ಗಂಟೆಗೇ ಮಂಗಳೂರಿನ ಜೀನಸು ಅಂಗಡಿಗಳ ಮುಂದೆ ಜನ ಸಾಲುಗಟ್ಟಿದ್ದರು. ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25ಕ್ಕೆ. ದಕ್ಷಿಣ ಕನ್ನಡದಲ್ಲಿ ಅದರ ಮೇಲೆ ಇನ್ನೊಂದು ಬೀಗ ಬಿದ್ದು, ತಿಂಗಳ ಕೊನೆಯ ಎರಡು-ಮೂರು ದಿನ ಅಕ್ಕಿ-ಬೇಳೆಗೂ ದಾರಿಯಿರಲಿಲ್ಲ. 31ರಂದು ಮಧ್ಯಾಹ್ನ ಮೂರರವರೆಗೆ ಅಂಗಡಿ ತೆರೆಯಬಹುದು ಎಂದಾಗ ಊರಿಗೆ ಊರೇ ಚೀಲ ಹಿಡಿದು ಹೊರಟಿತು. ‘ಜನ ಹುಚ್ಚು ಹಿಡಿದವರ ಹಾಗೆ ತುಂಬಿಕೊಂಡರು ಮಾರಾಯ್ರೆ’ ಎಂಬ ಮಾತು ಆಗ ಹುಟ್ಟಿದ್ದು, ಈಗಲೂ ಕೊರೊನಾ ವಿಷಯ ಬಂದರೆ ಯಾರಾದರೂ ಅದನ್ನು ಹೇಳಿಯೇ ಹೇಳುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಆಗ ಕೊಂಡ ಸಾಮಾನುಗಳಲ್ಲಿ ಕೆಲವು ದಂಡ ಆದದ್ದು ಹೌದು, ಆದರೆ ಅಂಗಡಿ ಖಾಲಿಯಾಗಲಿಕ್ಕೆ ದುರಾಸೆಯೇ ಬೇಕು ಅಂತೇನಿಲ್ಲ. ಸಣ್ಣ ಲೆಕ್ಕವೊಂದು ಸಾಕು.

ಒಂದು ಗಲ್ಲಿಯ ಅಂಗಡಿ ಎಂದುಕೊಳ್ಳಿ, ಅದಕ್ಕೆ 300 ಮನೆಗಳ ಗಿರಾಕಿ. ಮನೆಯೊಂದಕ್ಕೆ ತಿಂಗಳಿಗೆ 2 ಕಿಲೋ ತೊಗರಿಬೇಳೆ ಬೇಕಾದರೆ ಅಂಗಡಿಯ ತಿಂಗಳ ಮಾರಾಟ 600 ಕಿಲೋ, ದಿನಕ್ಕೆ 20. ಅಂಗಡಿಯವರು ಒಂದು ವಾರಕ್ಕಾಗುವಷ್ಟು, ಅಂದರೆ ಹೆಚ್ಚೆಂದರೆ 150 ಕಿಲೋ ಇಟ್ಟಿರುತ್ತಾರೆ. ಅದಕ್ಕಿಂತ ಹೆಚ್ಚು ಇಟ್ಟರೆ ದುಡ್ಡು ಗೋಣಿಯಲ್ಲಿ ಕೂತ ಹಾಗೆ, ಕರಾವಳಿಯ ಸೆಕೆಗೆ ಹುಳವೂ ಹಿಡಿಯುತ್ತದೆ. ಈಗ ಒಂದು ದಿನ ಎಲ್ಲ ಮನೆಯವರೂ ಬಂದು, ‘ಇರಲಿ, ಒಂದು ಕಿಲೋ ಜಾಸ್ತಿ ಕೊಡಿ’ ಎನ್ನುತ್ತಾರೆ. ಬೇಕಾಗುವುದು 300 ಕಿಲೋ, ಇರುವುದು 150. ಒಂದು ಕಿಲೋ ಬೇಳೆ ಹೆಚ್ಚಿಗೆ ಕೊಂಡವರನ್ನು ಯಾರೂ ಕಾಳದಂಧೆಯವರು ಎನ್ನುವುದಿಲ್ಲ. ಆದರೂ ಹತ್ತು ಗಂಟೆಯೊಳಗೆ ಗೋಣಿ ಖಾಲಿ. ಹನ್ನೊಂದಕ್ಕೆ ಬಂದವರು ಖಾಲಿ ಗೋಣಿಯ ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುತ್ತಾರೆ, ಅದನ್ನು ನೋಡಿದ ಪಕ್ಕದ ಗಲ್ಲಿಯವರು ಎರಡು ಕಿಲೋ ಕೇಳುತ್ತಾರೆ. ಸಿಗಲಿಕ್ಕಿಲ್ಲ ಎಂಬ ಭಯವೇ ಸಿಗದ ಹಾಗೆ ಮಾಡಿತು.

ಅಂಗಡಿಯ ಹೊತ್ತು ಕಡಿಮೆ ಮಾಡಿದ್ದೂ ಇದಕ್ಕೆ ಕೈಜೋಡಿಸಿತು. ಜನ ಸೇರಬಾರದು ಎಂದು ಸಮಯ ಕಡಿತ ಮಾಡಿದರೆ, ಇಡೀ ದಿನದಲ್ಲಿ ಚದುರಿ ಬರುತ್ತಿದ್ದ ಜನ ಒಂದೇ ಹೊತ್ತಿಗೆ ಬರುತ್ತಾರೆ. 2021ರ ಏಪ್ರಿಲ್ 27ರಿಂದ ಎರಡನೇ ಅಲೆಯ ನಿರ್ಬಂಧ ಬಂದಾಗ ದಿನಸಿಗೆ ಕೊಟ್ಟದ್ದು ಬೆಳಿಗ್ಗೆ 6ರಿಂದ 10ರವರೆಗಿನ ನಾಲ್ಕು ಗಂಟೆ. ನಾಳೆ ಇದೂ ಇರುತ್ತದೋ ಇಲ್ಲವೋ ಎಂದು ತಿಳಿಯದವನು ಇವತ್ತೇ ನಾಳೆಯದ್ದನ್ನೂ ಕೊಳ್ಳುತ್ತಾನೆ. ಅದರಲ್ಲಿ ತಪ್ಪು ಹುಡುಕುವುದು ಕಷ್ಟ.

ಇನ್ನೊಂದು ಕಾರಣ ಕಣ್ಣಿಗೆ ಕಾಣುವಂಥದ್ದಲ್ಲ. ಮಂಗಳೂರು-ಉಡುಪಿಯಲ್ಲಿ ಊಟ-ತಿಂಡಿಯ ದೊಡ್ಡ ಪಾಲು ನಡೆಯುವುದು ಮನೆಯ ಹೊರಗೆ: ಹೋಟೆಲು, ಕಾಲೇಜು ಹಾಸ್ಟೆಲು, ಮಣಿಪಾಲದ ಮೆಸ್ಸು, ಮದುವೆ ಹಾಲ್, ದೇವಸ್ಥಾನದ ಅನ್ನಪ್ರಸಾದ. ಅಲ್ಲಿಗೆಲ್ಲ ಸಾಮಾನು ಹೋಗುವುದು 50 ಕಿಲೋ ಗೋಣಿಯಲ್ಲಿ, 15 ಕಿಲೋ ಎಣ್ಣೆ ಡಬ್ಬದಲ್ಲಿ. ಒಂದೇ ರಾತ್ರಿಯಲ್ಲಿ ಅವೆಲ್ಲ ಮುಚ್ಚಿ ಅಷ್ಟೂ ಬಾಯಿ ಮನೆಯ ಅಡುಗೆಮನೆಗೆ ಬಂದವು. ಒಟ್ಟು ತಿನ್ನುವ ಅಕ್ಕಿ ಹೆಚ್ಚಾಗಲಿಲ್ಲ, ಆದರೆ ಒಂದು ಕಿಲೋ, ಐದು ಕಿಲೋ ಪ್ಯಾಕೆಟ್ಟುಗಳಿಗೆ ಬೇಡಿಕೆ ಏರಿತು. ಗೋದಾಮಿನಲ್ಲಿ ಗೋಣಿ ಇದ್ದರೂ ಅದನ್ನು ಬಿಡಿಸಿ, ತೂಗಿ, ಪ್ಯಾಕ್ ಮಾಡುವ ಕೈಗಳು ಉತ್ತರ ಕರ್ನಾಟಕಕ್ಕೋ ಬಿಹಾರಕ್ಕೋ ಹೊರಟುಹೋಗಿದ್ದವು. ವಿದೇಶಗಳಲ್ಲಿ ಶೌಚದ ಕಾಗದಕ್ಕೆ ಹೊಡೆದಾಟವಾದದ್ದನ್ನು ನೋಡಿ ನಾವು ನಕ್ಕೆವಲ್ಲ, ಅಲ್ಲಿಯೂ ಇದೇ ಕತೆ: ಆಫೀಸಿಗೆ ಹೋಗುವ ದೊಡ್ಡ ಸುರುಳಿ ಬೇರೆ, ಮನೆಗೆ ಬರುವ ಸಣ್ಣ ಸುರುಳಿ ಬೇರೆ, ಒಂದನ್ನು ಮಾಡುವ ಯಂತ್ರ ಇನ್ನೊಂದನ್ನು ಮಾಡುವುದಿಲ್ಲ.

ನಮ್ಮ ಕರಾವಳಿಗೆ ಘಟ್ಟವೂ ಇದೆ. ತರಕಾರಿ ಹಾಸನ, ಚಿಕ್ಕಮಗಳೂರು ಕಡೆಯಿಂದ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಇಳಿದು ಬರಬೇಕು. ತಲಪಾಡಿಯಲ್ಲಿ ಕೇರಳದ ಗಡಿ ಬಂದ್. 2020ರ ಏಪ್ರಿಲ್‌ನಲ್ಲಿ ಮಂಗಳೂರು ಸೆಂಟ್ರಲ್ ಮಾರ್ಕೆಟ್ಟಿನ ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿಗೆ ಸಾಗಿಸಿದರು. ದಶಕಗಳಿಂದ ಒಂದೇ ಜಾಗದಲ್ಲಿ ನಡೆಯುತ್ತಿದ್ದ ವ್ಯಾಪಾರ ಊರ ಹೊರಗೆ ಹೋದಾಗ ಗೂಡಂಗಡಿಯವನಿಗೆ ಟೆಂಪೋ ಬಾಡಿಗೆ ಹೆಚ್ಚಿತು. ಬಟಾಟೆ-ನೀರುಳ್ಳಿಯ ಕಿಲೋ ಲೆಕ್ಕದಲ್ಲಿ ಆ ಬಾಡಿಗೆಯೂ ಸೇರದೆ ಹೋಗುತ್ತದೆಯೇ?

ತುಂಬಿಡುವುದು ನಮಗೆ ಹೊಸತೇನೂ ಆಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಜೂನ್‌ನಿಂದ ಮೂರು ತಿಂಗಳು ಹೊರಗೆ ಹೋಗಲಾಗದ ಮಳೆ ಸುರಿಯುವ ಊರಿದು. ಹಿಂದಿನ ಮನೆಗಳಲ್ಲಿ ಏಪ್ರಿಲ್-ಮೇ ಬಂತೆಂದರೆ ಹಲಸಿನ ಹಪ್ಪಳ ಅಂಗಳದಲ್ಲಿ ಒಣಗುತ್ತಿತ್ತು, ಭರಣಿಯಲ್ಲಿ ಉಪ್ಪುಸೊಳೆ ಕೂರುತ್ತಿತ್ತು, ಒಣಮೀನು ಕಟ್ಟಾಗಿ ಅಟ್ಟಕ್ಕೇರುತ್ತಿತ್ತು, ಕುಚ್ಚಲಕ್ಕಿ ಬೈಹುಲ್ಲಿನ ಮುಡಿಯಲ್ಲಿ ಭದ್ರವಾಗಿರುತ್ತಿತ್ತು. ಮಂಗಳೂರು ಸೌತೆಯನ್ನು ಬಳ್ಳಿ ಕಟ್ಟಿ ಮಾಡಿನ ಕೆಳಗೆ ನೇತುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಆಟಿ ತಿಂಗಳು ಕಳೆಯಲು ಬೇಕಾದ್ದೆಲ್ಲ ಹೀಗೆ ಎರಡು-ಮೂರು ತಿಂಗಳಲ್ಲಿ ನಿಧಾನವಾಗಿ, ಬಹುಪಾಲು ಸ್ವಂತ ಹಿತ್ತಲಿನಿಂದಲೇ, ಸೇರುತ್ತಿತ್ತು. ಅಂಗಡಿಗೆ ಅದರ ಬಿಸಿ ತಟ್ಟುತ್ತಿರಲಿಲ್ಲ. ಕದ್ರಿ, ಬಿಜೈಯ ಫ್ಲ್ಯಾಟುಗಳಿಗೆ ಅಟ್ಟವೂ ಇಲ್ಲ, ಅಂಗಳವೂ ಇಲ್ಲ. ಅವರ ಉಗ್ರಾಣ ಇರುವುದೇ ಕೆಳಗಿನ ಸೂಪರ್ ಮಾರ್ಕೆಟ್ಟಿನಲ್ಲಿ. ಮೂರು ತಿಂಗಳಲ್ಲಿ ಆಗುತ್ತಿದ್ದ ಕೆಲಸವನ್ನು ಅವರು ಮೂರು ಗಂಟೆಯಲ್ಲಿ ಮಾಡಬೇಕಾಯಿತು. ವ್ಯತ್ಯಾಸ ಇರುವುದು ಅಷ್ಟರಲ್ಲೇ, ಸ್ವಭಾವದಲ್ಲಲ್ಲ. ಹಳ್ಳಿ ಕಡೆ ಆ ಬೇಸಿಗೆಯಲ್ಲಿ ಗುಜ್ಜೆ, ಹಲಸು, ಮಾವಿನಕಾಯಿಯೇ ಎಷ್ಟೋ ಮನೆಗಳ ಪದಾರ್ಥವಾಯಿತು.

ಮೀನಿನದು ಬೇರೆಯೇ ಪಾಡು. ಮಾರ್ಚ್ ಕೊನೆಗೆ ಬೋಟುಗಳು ಮಲ್ಪೆಯಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಕಟ್ಟಿಬಿದ್ದವು. ಏಪ್ರಿಲ್ 10ಕ್ಕೆ ಕೇಂದ್ರ ಸರ್ಕಾರ ಮೀನುಗಾರಿಕೆಗೆ ವಿನಾಯಿತಿ ಕೊಟ್ಟರೂ ಮಂಜುಗಡ್ಡೆ, ಕೂಲಿಯಾಳು, ಹೊರರಾಜ್ಯದ ಲಾರಿ ಎಲ್ಲ ಒಟ್ಟಿಗೆ ಕೂಡಿಬರಬೇಕಲ್ಲ. ಪಶ್ಚಿಮ ಕರಾವಳಿಯ ಮಳೆಗಾಲದ ನಿಷೇಧವನ್ನು ಆ ವರ್ಷ ಜೂನ್ 1ರ ಬದಲು ಜೂನ್ 15ರಿಂದ ಶುರುಮಾಡಿ ಒಂದಿಷ್ಟು ದಿನ ತುಂಬಿಕೊಟ್ಟರು. ನಡುವೆ ಬಂಗುಡೆ ಇಲ್ಲದೆ ಊಟ ಸೇರದವರು ಒಣಮೀನಿಗೆ, ಮೊಟ್ಟೆಗೆ ಹೋದರು.

ಇಷ್ಟೆಲ್ಲ ಕೇಳಿದರೆ ಅದು ಖರೀದಿಯ ಕಾಲ ಎನಿಸುತ್ತದೆ. ದೇಶದ ಲೆಕ್ಕ ಹೇಳುವುದು ಅದಕ್ಕೆ ತದ್ವಿರುದ್ಧ. 2020ರ ಏಪ್ರಿಲ್-ಜೂನ್‌ನಲ್ಲಿ ಭಾರತದ ಜಿಡಿಪಿ ಹಿಂದಿನ ವರ್ಷಕ್ಕಿಂತ ಶೇ 24ರ ಆಸುಪಾಸು ಕುಸಿಯಿತು. ಅದೇ ಮೂರು ತಿಂಗಳಲ್ಲಿ ಮನೆಮಂದಿಯ ಹಣಕಾಸು ಉಳಿತಾಯ ಜಿಡಿಪಿಯ ಶೇ 21ಕ್ಕೆ ಏರಿತ್ತೆಂದು ರಿಸರ್ವ್ ಬ್ಯಾಂಕ್ ಅಂದಾಜು ಮಾಡಿತು. ಅದಕ್ಕೆ ಹಿಂದಿನ ವರ್ಷಗಳಲ್ಲಿ ಅದು ಇದ್ದದ್ದು ಶೇ 7-8. ಅಂದರೆ ಒಟ್ಟಿನಲ್ಲಿ ಜನ ಕೊಂಡದ್ದು ಕಡಿಮೆ. ನಮಗೆ ನೆನಪಿರುವುದು ಕೊಂಡದ್ದು, ಕೊಳ್ಳದೆ ಬಿಟ್ಟದ್ದು ನೆನಪಿನಲ್ಲಿ ಉಳಿಯುವುದಿಲ್ಲ. ಮದುವೆ ಸೀರೆ, ಬಸ್ಸಿನ ಟಿಕೆಟು, ಸಂಜೆಯ ಗೋಳಿಬಜೆ, ಮುಂಬೈಗೆ ಹೋಗುವ ರೈಲು, ಯಾವುದಕ್ಕೂ ದುಡ್ಡು ಹೋಗಲಿಲ್ಲ.

ಕೊಳ್ಳದೆ ಬಿಟ್ಟದ್ದರ ಪೆಟ್ಟು ಯಾರಿಗೆ ಬಿತ್ತು ಎಂದು ತಿಳಿಯಲು ಶಂಕರಪುರ ಮಲ್ಲಿಗೆಯನ್ನು ನೋಡಿದರೆ ಸಾಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಟ್ಟೆಗೆ ದಿನದಿನದ ದರ. ಮಾರ್ಚ್‌ನಿಂದ ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ಕೋಲ, ಜಾತ್ರೆ, ಬ್ರಹ್ಮಕಲಶ, ಮದುವೆ ಒಂದರ ಹಿಂದೆ ಒಂದು ಬರುವ ಕಾಲ. ಗಿಡ ಮೈತುಂಬ ಹೂ ಬಿಡುವುದೂ ಆಗಲೇ. ಬೇಳೆಯನ್ನಾದರೆ ಮುಂದಿನ ತಿಂಗಳು ಮಾರಬಹುದು, ಮೊಗ್ಗನ್ನು ಮಾರಲಾಗದು. ಹಿತ್ತಲಿನ ಕೆಲವು ಗಿಡಗಳಿಂದ ಸೊಸೈಟಿ ಸಾಲದ ಕಂತು ಕಟ್ಟುತ್ತಿದ್ದ ಮನೆಗಳಿಗೆ ಅದು ಬರಸಿಡಿಲು. ಬೀಡಿ ಬ್ರಾಂಚುಗಳು ಮುಚ್ಚಿದಾಗ ಸೂಪಿನಲ್ಲಿ, ಅಂದರೆ ಮೊರದಲ್ಲಿ, ಎಲೆ ಇಟ್ಟುಕೊಂಡು ಕೂರುತ್ತಿದ್ದ ಹೆಂಗಸರ ವಾರದ ದುಡ್ಡೂ ನಿಂತಿತು. ಹಾಗಾಗಿ ‘ಜನ ಉಳಿಸಿದರು’ ಎಂಬ ರಿಸರ್ವ್ ಬ್ಯಾಂಕಿನ ಸರಾಸರಿಯ ಒಳಗೆ ಎರಡು ಬಗೆಯ ಮನೆಗಳಿವೆ. ತಿಂಗಳ ಸಂಬಳ ನಿಲ್ಲದವರು ಖರ್ಚಿಗೆ ದಾರಿಯಿಲ್ಲದೆ ಉಳಿಸಿದರು. ಉಳಿದವರು ಬಂಗಾರ ಅಡವಿಟ್ಟರು.

ಅಡವಿಗೆ ಕಾಲವೂ ಹಾಗೇ ಕೂಡಿಬಂತು. 2020ರ ಆಗಸ್ಟ್‌ನಲ್ಲಿ 10 ಗ್ರಾಂ ಚಿನ್ನ 56,000 ರೂಪಾಯಿಯ ಹತ್ತಿರಕ್ಕೆ ಹೋಯಿತು. ಅದೇ ತಿಂಗಳು ರಿಸರ್ವ್ ಬ್ಯಾಂಕ್, ಚಿನ್ನದ ಬೆಲೆಯ ಶೇ 75ರವರೆಗೆ ಮಾತ್ರ ಸಾಲ ಎಂಬ ಮಿತಿಯನ್ನು ಬ್ಯಾಂಕುಗಳಿಗೆ 2021ರ ಮಾರ್ಚ್ ಕೊನೆಯವರೆಗೆ ಶೇ 90ಕ್ಕೆ ಏರಿಸಿತು. 50,000 ರೂಪಾಯಿಯ ಬಳೆಗೆ 37,500 ಸಿಗುತ್ತಿದ್ದಲ್ಲಿ 45,000. ಮಗನ ಮೊಬೈಲು, ಮನೆ ಬಾಡಿಗೆ, ಔಷಧಿ ಎಷ್ಟೋ ಕಡೆ ಹೀಗೆ ಬಂದದ್ದು. (ಬ್ಯಾಂಕು ಎಂದಾಗ ನೆನಪಾಯಿತು: ಲಾಕ್‌ಡೌನಿನ ಎರಡನೇ ವಾರದಲ್ಲಿ, 2020ರ ಏಪ್ರಿಲ್ 1ಕ್ಕೆ, ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಎರಡೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಬಾಗಿಲು ಹಾಕಿದ ಊರಿನಲ್ಲಿ ಅದನ್ನು ಬೀಳ್ಕೊಡಲೂ ಯಾರೂ ಇರಲಿಲ್ಲ.)

ಮನೆಗೆ ಬಂದ ದೊಡ್ಡ ಸಾಮಾನುಗಳ ಹಿಂದಿನ ತರ್ಕ ಸರಳ. ಹೊರಗೆ ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಿದ್ದ ಕೆಲಸ ಮನೆಯೊಳಗೆ ಬಂದಾಗ ಅದರ ಸಲಕರಣೆಯೂ ಒಳಗೆ ಬರಬೇಕು. ಕ್ಷೌರದಂಗಡಿ ಮುಚ್ಚಿತು, ಟ್ರಿಮ್ಮರ್ ಬಂತು. ಬೇಕರಿ ಮುಚ್ಚಿತು, ಓವನ್ನು ಮತ್ತು ಯೀಸ್ಟು ಬಂತು. ಕೆಲಸದವರು ಬರುವ ಹಾಗಿಲ್ಲ, ಪಾತ್ರೆ ತೊಳೆಯುವ ಯಂತ್ರದ ವಿಚಾರಣೆ ಶುರು. ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದು ಕಾರ್ಕಳ, ಕುಂದಾಪುರದ ಮನೆಗೆ ಬಂದ ಮಕ್ಕಳಿಗೆ ಮೊದಲು ಬೇಕಾದದ್ದು ಕುರ್ಚಿಯೂ ಅಲ್ಲ, ಮೇಜೂ ಅಲ್ಲ: ಇನ್ವರ್ಟರು. ಗಾಳಿ ಬೀಸಿದರೆ ಕರೆಂಟು ಹೋಗುವ ಊರಿನಲ್ಲಿ ಮೀಟಿಂಗಿನ ನಡುವೆ ಮಾಯವಾಗುವುದನ್ನು ಎಷ್ಟು ದಿನ ಸಹಿಸುತ್ತಾರೆ? 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಬಂದಾಗ ಅದರ ಬೆಲೆ ಎಲ್ಲರಿಗೂ ತಿಳಿಯಿತು.

ಈ ಸಾಮಾನು ಬೇಕಾದಾಗ ಸಿಗಲಿಲ್ಲ ಎಂಬ ದೂರಿಗೂ ಕಾರಣ ಇತ್ತು. ಮೊದಲ ವಾರಗಳಲ್ಲಿ ಆನ್‌ಲೈನ್ ಕಂಪನಿಗಳು ಅಗತ್ಯ ವಸ್ತು ಮಾತ್ರ ತಲುಪಿಸಬಹುದಿತ್ತು. 2020ರ ಮೇ 4ರಿಂದ ಹಸಿರು ಮತ್ತು ಕಿತ್ತಳೆ ವಲಯಗಳಲ್ಲಿ ಉಳಿದವಕ್ಕೂ ಅನುಮತಿ ಬಂತು. ಶಾಲೆಗೆ ಮೊಬೈಲು ಬೇಕು ಎನ್ನುವ ಹೊತ್ತಿಗೆ, ಆ ಮೊಬೈಲನ್ನು ಅಗತ್ಯ ವಸ್ತು ಎಂದು ಪಟ್ಟಿ ಮಾಡಿದವರು ಎಣಿಸಿರಲೇ ಇಲ್ಲ. ಅದರ ಹಿಂದೆ ಚಿಪ್‌ಗಳ ಕೊರತೆ: ಕಾರು ಕಂಪನಿಗಳು ಬೇಡಿಕೆ ಬೀಳುತ್ತದೆಂದು ಹೆದರಿ ಚಿಪ್ ಆರ್ಡರು ರದ್ದು ಮಾಡಿದವು, ಆ ಜಾಗಕ್ಕೆ ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಮಾಡುವವರು ನುಗ್ಗಿದರು, ಕಾರಿನವರು ತಿರುಗಿ ಬರುವಾಗ ಸಾಲು ಉದ್ದವಾಗಿತ್ತು. ಚಿಪ್ ಕಾರ್ಖಾನೆ ಕಟ್ಟಲಿಕ್ಕೆ ವರ್ಷಗಳು ಬೇಕು, ಆದ್ದರಿಂದ ಎರಡು ವರ್ಷ ಕಳೆದರೂ ಕಾರಿಗೆ ಕಾಯಬೇಕಾಯಿತು. ಇನ್ನು ಮೊಬೈಲು ಸಿಕ್ಕಿದ ಮೇಲೆ ನೆಟ್‌ವರ್ಕು? 2021ರ ಜೂನ್‌ನಲ್ಲಿ ಸುಳ್ಯ ಕಡೆಯ ರಸ್ತೆಬದಿಯಲ್ಲಿ, ಮಳೆಯಲ್ಲಿ ಪಾಠ ಕೇಳುತ್ತಿದ್ದ ಮಗಳಿಗೆ ಕೊಡೆ ಹಿಡಿದು ನಿಂತ ತಂದೆಯ ಚಿತ್ರ ಊರೆಲ್ಲ ಹರಿದಾಡಿತು. ದುಡ್ಡು ಕೊಟ್ಟರೆ ಸಿಗುವ ಸಾಮಾನು ಆ ಕಷ್ಟದ ಅರ್ಧಕ್ಕೆ ಮಾತ್ರ ಮದ್ದು.

ಈಗ ಭಯದ ಸಾಮಾನಿಗೆ ಬರೋಣ. 2020ರ ಮಾರ್ಚ್ 13ರಂದು ಮಾಸ್ಕು ಮತ್ತು ಸ್ಯಾನಿಟೈಸರು ಅಗತ್ಯ ವಸ್ತುಗಳ ಕಾಯ್ದೆಯೊಳಗೆ ಬಂದವು. ವಾರದ ಮೇಲೆ ದರವೂ ನಿಗದಿಯಾಯಿತು: ಎರಡು ಪದರದ ಮಾಸ್ಕಿಗೆ 8 ರೂಪಾಯಿ, ಮೂರು ಪದರದ್ದಕ್ಕೆ 10, 200 ಮಿಲಿಲೀಟರ್ ಸ್ಯಾನಿಟೈಸರಿಗೆ 100, ಜೂನ್ 30ರವರೆಗೆ. ಸ್ಯಾನಿಟೈಸರಿನ ವಿಷಯದಲ್ಲಿ ‘ಸ್ಪಿರಿಟ್ ಹೆಚ್ಚಿದ್ದಷ್ಟು ಒಳ್ಳೆಯದು’ ಎಂದು ನಂಬಿದವರಿದ್ದರು. ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಎಥನಾಲ್ ಶೇ 80. ಉಳಿದದ್ದರಲ್ಲಿ ನೀರೇ ಹೆಚ್ಚು. ವೈರಸ್ಸಿನ ಪ್ರೋಟೀನು ಕೆಡಲು ನೀರೂ ಬೇಕು. ಇನ್ನು ಸೋಪು ಕಡಿಮೆ ಎಂದು ಯಾರೂ ಎಣಿಸಬೇಕಾಗಿರಲಿಲ್ಲ, ಕೊರೊನಾ ವೈರಸ್ಸಿನ ಮೈಮೇಲಿರುವುದು ಕೊಬ್ಬಿನ ಪೊರೆ, ಬಂಗುಡೆ ತೊಳೆದ ಪಾತ್ರೆಯ ಜಿಡ್ಡನ್ನು ಬಿಡಿಸುವ ಸೋಪು ಅದನ್ನೂ ಬಿಡಿಸುತ್ತದೆ. ತರಕಾರಿ ತೊಳೆಯುವ ದ್ರಾವಣದ ಬಾಟಲಿಗಳು ನನ್ನ ಮಟ್ಟಿಗೆ ಆ ಕಾಲದ ಅತಿ ದಂಡದ ಖರೀದಿ. ಮುಟ್ಟಿದ ವಸ್ತುವಿನಿಂದ ಸೋಂಕು ಹತ್ತುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಹೇಳಿತು.

ಎನ್95 ಮಾಸ್ಕನ್ನು ತೊಳೆದು ಬಿಸಿಲಿಗೆ ಹಾಕಿದವರು ಕಡಿಮೆಯಿಲ್ಲ. ಅದರ ಎಳೆಗಳಲ್ಲಿ ಸ್ಥಿರ ವಿದ್ಯುತ್ತಿನ ಆವೇಶ ತುಂಬಿರುತ್ತದೆ, ಸಣ್ಣ ಕಣಗಳನ್ನು ಹಿಡಿಯುವುದು ಬಹುಮಟ್ಟಿಗೆ ಅದೇ. ಸೋಪುನೀರಿಗೆ ಅದ್ದಿದರೆ ಆವೇಶ ಹೋಗಿ ನೋಡಲು ಮಾತ್ರ ಎನ್95 ಉಳಿಯುತ್ತದೆ.

ವಿಟಮಿನ್ ಸಿ ಮತ್ತು ಸತುವಿನ ಮಾತ್ರೆ ಔಷಧಿ ಅಂಗಡಿಗಳಲ್ಲಿ ಮುಗಿದದ್ದು ನೆನಪಿದೆಯಲ್ಲ? 2021ರ ಫೆಬ್ರವರಿಯಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು, ಹೆಚ್ಚಿನ ಪ್ರಮಾಣದಲ್ಲಿ ಅವೆರಡನ್ನೂ ಕೊಟ್ಟರೂ ರೋಗಲಕ್ಷಣ ಬೇಗ ಇಳಿಯಲಿಲ್ಲ ಎಂದು ಕಂಡಿತು. ಮನೆಯ ಕಷಾಯ ಹುಡಿಯ ಬಗ್ಗೆ ನನಗೆ ತಕರಾರಿಲ್ಲ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹಾಕಿ ಬೆಲ್ಲದ ಜೊತೆ ಕುಡಿದರೆ ಗಂಟಲಿಗೆ ಹಿತ, ಜೇಬಿಗೂ ಭಾರವಲ್ಲ. ಅದು ಕೊರೊನಾಕ್ಕೆ ಮದ್ದು ಎಂದಾಗ ಮಾತ್ರ ತಕರಾರು.

ಆ ಕಾಲದಲ್ಲಿ ಮನೆಗೆ ಬಂದ ಸಾಮಾನುಗಳಲ್ಲಿ ನಿಜಕ್ಕೂ ಅರ್ಥವಿದ್ದದ್ದು ಪಲ್ಸ್ ಆಕ್ಸಿಮೀಟರು ಎನ್ನುವುದು ನನ್ನ ಅಭಿಪ್ರಾಯ. ಬೆರಳಿಗೆ ಸಿಕ್ಕಿಸುವ ಆ ಕ್ಲಿಪ್ಪಿನೊಳಗೆ ಎರಡು ಬೆಳಕುಗಳಿವೆ: 660 ನ್ಯಾನೊಮೀಟರಿನ ಕೆಂಪು, 940ರ ಅವಕೆಂಪು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್). ಆಮ್ಲಜನಕ ಹೊತ್ತ ರಕ್ತ ಅವಕೆಂಪನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಬಿಟ್ಟ ರಕ್ತ ಕೆಂಪನ್ನು. ನಾಡಿ ಹೊಡೆದಾಗಲೆಲ್ಲ ಬೆರಳಿನಲ್ಲಿ ಏರಿಳಿಯುವ ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಎರಡರ ಅನುಪಾತದಿಂದ ಶೇಕಡಾ ಸಂಖ್ಯೆ ತೋರಿಸುತ್ತದೆ. ಕೊರೊನಾದಲ್ಲಿ ಉಸಿರು ಕಟ್ಟುವ ಅನುಭವ ಆಗುವ ಮೊದಲೇ ಆಮ್ಲಜನಕ ಇಳಿಯುವ ರೋಗಿಗಳಿದ್ದರು. ಮನೆಯಲ್ಲೇ ಮಲಗಿದವರಿಗೆ ಆಸ್ಪತ್ರೆಗೆ ಹೊರಡುವ ಹೊತ್ತು ಯಾವಾಗ ಎಂದು ಹೇಳಲು, 94ಕ್ಕಿಂತ ಇಳಿದರೆ ಕಾಯಬೇಡಿ ಎಂದು ಎಚ್ಚರಿಸಲು, ಇದಕ್ಕಿಂತ ಅಗ್ಗದ ಉಪಾಯ ಇರಲಿಲ್ಲ. ಮಿತಿಗಳೂ ಇವೆ. ತಣ್ಣಗಿನ ಬೆರಳು, ಉಗುರುಬಣ್ಣ, ಮದರಂಗಿ ಅದನ್ನು ದಾರಿ ತಪ್ಪಿಸಬಹುದು. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು ಎಂದು 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ನಮ್ಮಂಥ ಬಣ್ಣದವರು ಅದನ್ನು ನೆನಪಿಟ್ಟುಕೊಳ್ಳಬೇಕು. ಒಂದು ಸಂಖ್ಯೆಗಿಂತ, ನಿನ್ನೆಗೂ ಇವತ್ತಿಗೂ ಎಷ್ಟು ಇಳಿಯಿತು ಎಂಬುದು ಹೆಚ್ಚು ನಂಬಿಕೆಯ ಮಾತು.

ಅದರ ಬೆಲೆಯ ಕತೆ ಬೇರೆ. ಎಂಆರ್‌ಪಿಗಿಂತ ಹೆಚ್ಚಿಗೆ ಮಾರಿದರೆ ಅಪರಾಧ, ಸರಿ. ಆದರೆ ಎಂಆರ್‌ಪಿಯನ್ನೇ ಬೆಟ್ಟದಷ್ಟು ಎತ್ತರಕ್ಕೆ ಅಚ್ಚುಹಾಕಿದರೆ? ಗಿರಾಕಿಗೆ ‘ಅರ್ಧ ಬೆಲೆಗೆ ಕೊಟ್ಟೆ’ ಎಂದು ಹೇಳಿಯೂ ಭರ್ಜರಿ ಲಾಭ ಮಾಡಬಹುದು. ಔಷಧಿ ಬೆಲೆ ನೋಡಿಕೊಳ್ಳುವ ಎನ್‌ಪಿಪಿಎ 2021ರ ಜೂನ್‌ನಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರಿಗೆ, ಜುಲೈಯಲ್ಲಿ ಆಕ್ಸಿಮೀಟರು, ಥರ್ಮಾಮೀಟರು, ಬಿಪಿ ಯಂತ್ರ, ಗ್ಲುಕೋಮೀಟರು, ನೆಬ್ಯುಲೈಸರುಗಳಿಗೆ ಲಾಭದ ಮಿತಿ ಹಾಕಿತು: ವಿತರಕನಿಗೆ ಬಿದ್ದ ಬೆಲೆಯ ಮೇಲೆ ಶೇ 70ಕ್ಕಿಂತ ಹೆಚ್ಚಿಲ್ಲ. ವಿತರಕನಿಗೆ 600ಕ್ಕೆ ಬಂದದ್ದನ್ನು ತೆರಿಗೆ ಬಿಟ್ಟು 1,020ಕ್ಕಿಂತ ಮೇಲೆ ಅಚ್ಚುಹಾಕುವಂತಿಲ್ಲ. ಜೂನ್ 12ರಂದು ಜಿಎಸ್‌ಟಿ ಮಂಡಳಿ ಆಕ್ಸಿಮೀಟರಿನ ತೆರಿಗೆಯನ್ನು ಶೇ 12ರಿಂದ 5ಕ್ಕೆ, ಸ್ಯಾನಿಟೈಸರಿನದ್ದನ್ನು 18ರಿಂದ 5ಕ್ಕೆ ಸೆಪ್ಟೆಂಬರ್ ಕೊನೆಯವರೆಗೆ ಇಳಿಸಿತು. ಎಲ್ಲ ಸರಿಯಾದ ಕ್ರಮಗಳೇ. ಎರಡನೇ ಅಲೆ ಏಪ್ರಿಲ್-ಮೇಯಲ್ಲಿ ಬಡಿದು ಹೋಗಿತ್ತು ಎನ್ನುವುದೊಂದು ಬಿಟ್ಟರೆ.

ಇಂದಿಗೂ ಬಿಡದೆ ಉಳಿದದ್ದು ಸಾಮಾನಿಗಿಂತ ಪಾವತಿಯ ರೂಢಿ. ಯುಪಿಐ ವ್ಯವಹಾರಗಳ ಸಂಖ್ಯೆ 2019ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 100 ಕೋಟಿ ದಾಟಿತ್ತು, 2020ರ ಅಕ್ಟೋಬರ್‌ನಲ್ಲಿ 200 ಕೋಟಿ, 2021ರ ಅಕ್ಟೋಬರ್‌ನಲ್ಲಿ 400 ಕೋಟಿ. ನೋಟು ಮುಟ್ಟಲು ಹೆದರಿ ಶುರುಮಾಡಿದವರು ಚಿಲ್ಲರೆಯ ತಾಪತ್ರಯ ತಪ್ಪಿತೆಂದು ಮುಂದುವರಿಸಿದರು. ಮೀನು ಮಾರುವ ಹೆಂಗಸಿನ ಬುಟ್ಟಿಯ ಪಕ್ಕ ಕ್ಯೂಆರ್ ಹಲಗೆ ಈಗ ಯಾರಿಗೂ ವಿಶೇಷ ಅನ್ನಿಸುವುದಿಲ್ಲ.

ಆಗ ಕೊಂಡದ್ದು ಮನೆಯಲ್ಲಿ ಇನ್ನೂ ಇದ್ದರೆ ಒಂದೆರಡು ಕೆಲಸ ಬಾಕಿ. ಡ್ರಾಯರಿನಲ್ಲಿರುವ ಆಕ್ಸಿಮೀಟರಿನ ಬ್ಯಾಟರಿ ತೆಗೆದು ಬೇರೆ ಇಡಿ. ಸೋರಿದರೆ ಒಳಗಿನ ತಂತಿ ತಿಂದುಹಾಕುತ್ತದೆ. ಅವಧಿ ಮೀರಿದ ಸ್ಯಾನಿಟೈಸರನ್ನು ಒಲೆಯ ಹತ್ತಿರ ಇಡಬೇಡಿ, ಅದು ಹೊತ್ತಿಕೊಳ್ಳುವ ವಸ್ತು. ಮನೆಯಲ್ಲೋ ಸಂಘದ ಕಚೇರಿಯಲ್ಲೋ ಕಾನ್ಸಂಟ್ರೇಟರ್ ಇದ್ದರೆ ಅದನ್ನು ಸುಮ್ಮನೆ ಮೂಲೆಗೆ ತಳ್ಳಬಾರದು. ಗಾಳಿಯಲ್ಲಿರುವ ನೈಟ್ರೋಜನ್ನನ್ನು ಹಿಡಿದಿಟ್ಟು ಆಮ್ಲಜನಕವನ್ನು ಬಿಡುವುದು ಅದರೊಳಗಿನ ಜಿಯೋಲೈಟ್ ಕಾಳುಗಳು. ಅವುಗಳಿಗೆ ತೇವ ಆಗದು, ನಮ್ಮ ಊರಿನ ಗಾಳಿಯಲ್ಲಿ ಅದಕ್ಕೆ ಬರವಿಲ್ಲ. ತಿಂಗಳಿಗೊಮ್ಮೆಯಾದರೂ ಸ್ವಲ್ಪ ಹೊತ್ತು ಓಡಿಸಿ, ಫಿಲ್ಟರ್ ತೊಳೆದು, ಮಳೆಗಾಲ ಕಳೆದ ಮೇಲೆ ಆಮ್ಲಜನಕದ ಶುದ್ಧತೆ ಶೇ 90ಕ್ಕೆ ಕಮ್ಮಿಯಿಲ್ಲವೇ ಎಂದು ತಂತ್ರಜ್ಞರ ಕೈಯಲ್ಲಿ ಅಳೆಸಿಡಿ.